ಎದುರಾಳಿಯನ್ನು ಹುಡುಕಿ ಹೊರಟ ದ್ವೀಪದ ಹುಡುಗ

2021ರ ಡಿಸೆಂಬರ್ 19, ಭಾನುವಾರ. ಸ್ಪೇನ್‌ನ ದಕ್ಷಿಣದ ಹುಯೆಲ್ವಾ ಊರಿನಲ್ಲಿ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್‌ನ ಪುರುಷರ ಸಿಂಗಲ್ಸ್ ಫೈನಲ್. ಅಂದು ಟಿ.ವಿ. ಮುಂದೆ ಕುಳಿತಿದ್ದ ಭಾರತೀಯರ ಕಣ್ಣೆಲ್ಲ ಕಿದಂಬಿ ಶ್ರೀಕಾಂತ್ ಮೇಲೆ. ಈ ಹಂತಕ್ಕೆ ಭಾರತದ ಪುರುಷ ಆಟಗಾರನೊಬ್ಬ ಬಂದದ್ದು ಅದೇ ಮೊದಲು. 1983ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆ, 2019ರಲ್ಲಿ ಸಾಯಿ ಪ್ರಣೀತ್ ಕಂಚಿನ ಪದಕ ತಂದಿದ್ದರು, ಅಷ್ಟೇ. ಮೊದಲ ಗೇಮಿನಲ್ಲಿ ಶ್ರೀಕಾಂತ್ 9–3ರಿಂದ ಮುಂದಿದ್ದಾಗ ಚಿನ್ನ ನಮ್ಮದೇ ಎಂದು ಅನೇಕರಿಗೆ ಅನಿಸಿರಬೇಕು.

ಅಲ್ಲಿಂದ ಆಟ ತಿರುಗಿತು. ನೆಟ್ಟಿನ ಆಚೆ ಇದ್ದವರು ಶ್ರೇಯಾಂಕವಿಲ್ಲದೆ ಟೂರ್ನಿಗೆ ಬಂದಿದ್ದ, ವಿಶ್ವ ರ್‍ಯಾಂಕಿಂಗ್‌ನಲ್ಲಿ 22ನೆಯ ಸ್ಥಾನದಲ್ಲಿದ್ದ ಸಿಂಗಪುರದ ಲೋ ಕೀನ್ ಯೂ. ಶ್ರೀಕಾಂತ್ ಹೊಡೆದ ಸ್ಮ್ಯಾಷ್‌ಗಳನ್ನೆಲ್ಲ ಅವರು ನೆಲಕ್ಕೆ ಬಾಗಿ, ಕೆಲವೊಮ್ಮೆ ನೆಲಕ್ಕೇ ಬಿದ್ದು ಎತ್ತಿದರು. ಎತ್ತಿದ ಮರುಕ್ಷಣವೇ ನೆಟ್ಟಿನ ಹತ್ತಿರ ನಿಂತಿರುತ್ತಿದ್ದರು. ಮೊದಲ ಗೇಮ್ 21–15. ಎರಡನೆಯದು ಕೊನೆಯ ಪಾಯಿಂಟಿನವರೆಗೂ ಜಗ್ಗಾಡಿ 22–20. ಮುಕ್ಕಾಲು ಗಂಟೆಯೊಳಗೆ ಸಿಂಗಪುರ ತನ್ನ ಮೊದಲ ಬ್ಯಾಡ್ಮಿಂಟನ್ ವಿಶ್ವ ಚಾಂಪಿಯನ್‌ನನ್ನು ಕಂಡಿತ್ತು.

ನಮ್ಮಲ್ಲಿ ಮರುದಿನದ ಸುದ್ದಿ ಶ್ರೀಕಾಂತ್ ಅವರ ಬೆಳ್ಳಿಯದು. ಅದು ಸಹಜ. ಗೆದ್ದವರ ಕಥೆ ಮಾತ್ರ ಇಲ್ಲಿ ಹೆಚ್ಚು ಜನಕ್ಕೆ ತಲುಪಲಿಲ್ಲ. ಅದು ತಲುಪಬೇಕಾದ ಕಥೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಣ್ಣ ದೇಶದಲ್ಲಿ ದೊಡ್ಡ ಆಟಗಾರ ಹುಟ್ಟಿಕೊಂಡರೆ ಅವನನ್ನು ಎಲ್ಲಕ್ಕಿಂತ ಮೊದಲು ಕಾಡುವ ಕೊರತೆ ಯಾವುದು ಎಂಬುದನ್ನು ಈ ಒಂದು ವೃತ್ತಿಜೀವನ ಸ್ಪಷ್ಟವಾಗಿ ತೋರಿಸುತ್ತದೆ.

ಸಿಂಗಪುರದ ವಿಸ್ತೀರ್ಣ ಸುಮಾರು 730 ಚದರ ಕಿಲೋಮೀಟರ್. ಹೆಚ್ಚುಕಡಿಮೆ ನಮ್ಮ ಬೆಂಗಳೂರು ನಗರದಷ್ಟು. ಜನಸಂಖ್ಯೆ 60 ಲಕ್ಷದ ಆಸುಪಾಸು. ಹಣಕ್ಕೆ ಅಲ್ಲಿ ಬರವಿಲ್ಲ. ಹವಾನಿಯಂತ್ರಿತ ಒಳಾಂಗಣ ಕ್ರೀಡಾಂಗಣ, ಮರದ ನೆಲಹಾಸು, ಫಿಸಿಯೊ, ಕ್ರೀಡಾ ವಿಜ್ಞಾನಿ ಎಲ್ಲವೂ ಉಂಟು. ಬ್ಯಾಡ್ಮಿಂಟನ್ ಅಲ್ಲಿಗೆ ಹೊಸ ಆಟವೂ ಅಲ್ಲ. 1950ರಲ್ಲಿ ಆಲ್ ಇಂಗ್ಲೆಂಡ್ ಪುರುಷರ ಸಿಂಗಲ್ಸ್ ಗೆದ್ದ ಮೊದಲ ಏಷ್ಯನ್ ವಾಂಗ್ ಪೆಂಗ್ ಸೂನ್ ಸಿಂಗಪುರದಲ್ಲೇ ನೆಲೆಸಿದ್ದವರು. 1951, 1952 ಮತ್ತು 1955ರಲ್ಲಿ ಅದೇ ಪ್ರಶಸ್ತಿಯನ್ನು ಮತ್ತೆ ಗೆದ್ದರು. ಆಗ ಸಿಂಗಪುರದ ಆಟಗಾರರು ಮಲಯಾ ತಂಡದ ಪರವಾಗಿ ಆಡುತ್ತಿದ್ದರು. ಆ ತಂಡ ಥಾಮಸ್ ಕಪ್ಪನ್ನು 1949, 1952, 1955ರಲ್ಲಿ ಸತತವಾಗಿ ಗೆದ್ದಿತು. 1965ರಲ್ಲಿ ಸಿಂಗಪುರ ಮಲೇಷ್ಯಾದಿಂದ ಬೇರೆಯಾಗಿ ಸ್ವತಂತ್ರ ದೇಶವಾಯಿತು. ಆಟಗಾರರ ದೊಡ್ಡ ಬಳಗ ಗಡಿಯ ಆಚೆ ಉಳಿಯಿತು.

ಆ ಗಡಿ ದಾಟಿ ಬಂದವರೇ ಕೀನ್ ಯೂ. ಹುಟ್ಟಿದ್ದು 1997ರ ಜೂನ್ 26ರಂದು, ಮಲೇಷ್ಯಾದ ಪೆನಾಂಗ್‌ನಲ್ಲಿ. ಗಂಡುಮಕ್ಕಳೇ ಇದ್ದ ಮನೆಯಲ್ಲಿ ಕಿರಿಯವರು. ಲೀ ಚಾಂಗ್ ವೇ ಅವರಂಥ ಆಟಗಾರ ಬೆಳೆದ ಸೀಮೆ ಅದು. ಅಲ್ಲಿ ಬ್ಯಾಡ್ಮಿಂಟನ್ ಆಡುವ ಹುಡುಗರು ಬೀದಿಬೀದಿಗೂ ಸಿಗುತ್ತಾರೆ. ಹದಿಮೂರರ ವಯಸ್ಸಿನಲ್ಲಿ ಸಿಂಗಪುರದ ಕ್ರೀಡಾ ಶಾಲೆ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಕರೆಸಿಕೊಂಡಿತು. 2004ರಲ್ಲಿ ಶುರುವಾದ ಈ ವಸತಿ ಶಾಲೆಯಲ್ಲಿ ಓದು ಮತ್ತು ತರಬೇತಿ ಒಂದೇ ಆವರಣದಲ್ಲಿ ನಡೆಯುತ್ತದೆ. ಅಣ್ಣ ಲೋ ಕೀನ್ ಹೀನ್ ಕೂಡ ಸಿಂಗಪುರದ ಪರ ಡಬಲ್ಸ್ ಆಡಿದವರು.

ಸಿಂಗಪುರದಲ್ಲಿ ಹೀಗೆ ಹೊರಗಿನವರನ್ನು ಕರೆಸಿಕೊಳ್ಳುವುದರ ಬಗ್ಗೆ ಹಳೆಯ ತಕರಾರೊಂದಿದೆ. 1990ರ ದಶಕದಿಂದ ಆ ದೇಶ ಹೊರಗಿನ ಆಟಗಾರರನ್ನು ಕರೆತಂದು ಪೌರತ್ವ ಕೊಡುವ ಯೋಜನೆ ನಡೆಸುತ್ತ ಬಂದಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಟೇಬಲ್ ಟೆನಿಸ್ ಮಹಿಳಾ ತಂಡ ಬೆಳ್ಳಿ ಗೆದ್ದಾಗ ತಂಡದಲ್ಲಿದ್ದವರು ಚೀನಾದಲ್ಲಿ ಹುಟ್ಟಿದವರು. ‘ಇವರು ನಮ್ಮವರೇ?’ ಎಂಬ ಪ್ರಶ್ನೆ ಆಗ ಬಹಿರಂಗವಾಗಿಯೇ ಎದ್ದಿತ್ತು. ಕೀನ್ ಯೂ ವಿಚಾರದಲ್ಲಿ ಆ ಪ್ರಶ್ನೆ ನಿಲ್ಲಲಿಲ್ಲ. ಬಾಲಕನಾಗಿ ಬಂದು, ಅಲ್ಲೇ ಓದಿ, ಪೌರತ್ವ ಪಡೆದು, ಅಲ್ಲಿನ ಎಲ್ಲ ಗಂಡುಮಕ್ಕಳಂತೆ ಎರಡು ವರ್ಷದ ಕಡ್ಡಾಯ ಸೇನಾ ಸೇವೆಯನ್ನೂ ಮುಗಿಸಿದವರು ಅವರು. ಹದಿನೆಂಟು, ಇಪ್ಪತ್ತರ ವಯಸ್ಸು ಬ್ಯಾಡ್ಮಿಂಟನ್ ಆಟಗಾರ ಕಿರಿಯರ ವಿಭಾಗದಿಂದ ಹಿರಿಯರ ಅಂಕಣಕ್ಕೆ ಕಾಲಿಡುವ ಹೊತ್ತು. ಆ ಹೊತ್ತಿನಲ್ಲಿ ಸಮವಸ್ತ್ರ ತೊಟ್ಟು ಎರಡು ವರ್ಷ ಕೊಡುವುದು ಸಣ್ಣ ತ್ಯಾಗವಲ್ಲ. ಸಿಂಗಪುರದ ಜನ ಅವರನ್ನು ಮನೆಮಗನೆಂದು ಒಪ್ಪಿಕೊಂಡದ್ದಕ್ಕೆ ಪದಕಗಳಷ್ಟೇ ಆ ಎರಡು ವರ್ಷಗಳೂ ಕಾರಣ ಎಂದು ನಾನು ನಂಬುತ್ತೇನೆ.

ಸೇನಾ ಸೇವೆ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. 2019ರ ಜನವರಿಯಲ್ಲಿ ಥಾಯ್ಲೆಂಡ್ ಮಾಸ್ಟರ್ಸ್ ನಡೆಯಿತು. ರ್‍ಯಾಂಕಿಂಗ್‌ನಲ್ಲಿ ನೂರರಾಚೆ ಇದ್ದ ಕೀನ್ ಯೂ ಅರ್ಹತಾ ಸುತ್ತಿನಿಂದ ಆಡುತ್ತ ಫೈನಲ್ ತಲುಪಿದರು. ಎದುರಿಗಿದ್ದವರು ಎರಡು ಒಲಿಂಪಿಕ್ ಚಿನ್ನ, ಐದು ವಿಶ್ವ ಪ್ರಶಸ್ತಿಗಳ ಒಡೆಯ, ಚೀನಾದ ಲಿನ್ ಡಾನ್. ವಯಸ್ಸು ಅವರ ಕಾಲನ್ನು ನಿಧಾನ ಮಾಡಿತ್ತು ನಿಜ. ಆದರೂ ಲಿನ್ ಡಾನ್ ಲಿನ್ ಡಾನೇ. 21–19, 21–18ರಿಂದ ಕೀನ್ ಯೂ ಗೆದ್ದರು.

ಆಗ ಸಿಂಗಪುರ ತಂಡಕ್ಕೆ ತರಬೇತಿ ಕೊಡುತ್ತಿದ್ದವರು ಇಂಡೊನೇಷ್ಯಾದ ಮುಲ್ಯೊ ಹಂದೊಯೊ. 2004ರ ಅಥೆನ್ಸ್ ಒಲಿಂಪಿಕ್ಸ್ ಚಿನ್ನ ಗೆದ್ದ ತೌಫಿಕ್ ಹಿದಾಯತ್ ಅವರನ್ನು ರೂಪಿಸಿದ ಕೋಚ್. ಸಿಂಗಪುರಕ್ಕೆ ಹೋಗುವ ಮುನ್ನ 2017ರಲ್ಲಿ ಅವರು ಭಾರತ ತಂಡದ ಜತೆಗಿದ್ದರು. ಶ್ರೀಕಾಂತ್ ಒಂದೇ ವರ್ಷದಲ್ಲಿ ನಾಲ್ಕು ಸೂಪರ್ ಸೀರೀಸ್ ಪ್ರಶಸ್ತಿ ಗೆದ್ದದ್ದು ಅದೇ ವರ್ಷ. ಹಾಗಾಗಿ ಹುಯೆಲ್ವಾದ ಫೈನಲ್‌ನಲ್ಲಿ ನೆಟ್ಟಿನ ಎರಡೂ ಬದಿಗೆ ಇದ್ದವರು ಒಂದೇ ಗುರುವಿನ ಗರಡಿಯಲ್ಲಿ ಪಳಗಿದವರು.

ಇಷ್ಟೆಲ್ಲ ಇದ್ದೂ ಒಂದು ಕಡೆ ಕೀನ್ ಯೂ ಸಿಕ್ಕಿಹಾಕಿಕೊಂಡರು. ಅದನ್ನು ಹೇಳುವ ಮೊದಲು ಈ ಆಟದ ಒಳಗುಟ್ಟನ್ನು ಸ್ವಲ್ಪ ಬಿಡಿಸಬೇಕು.

ಶಟಲ್‌ನಲ್ಲಿ ಹದಿನಾರು ಗರಿ ಇರುತ್ತವೆ. ತೂಕ 4.74ರಿಂದ 5.50 ಗ್ರಾಂ. ದೊಡ್ಡ ಆಟಗಾರರ ಸ್ಮ್ಯಾಷ್ ರ್‍ಯಾಕೆಟ್ ಬಿಡುವಾಗ ಗಂಟೆಗೆ 300, 400 ಕಿಲೋಮೀಟರ್ ವೇಗದಲ್ಲಿರುತ್ತದೆ. ಗರಿಗಳು ಗಾಳಿಯನ್ನು ಹಿಡಿಯುವುದರಿಂದ ಎದುರಾಳಿಯನ್ನು ತಲುಪುವಷ್ಟರಲ್ಲಿ ವೇಗ ಬಹಳಷ್ಟು ಇಳಿದಿರುತ್ತದೆ. ಆದರೂ ಉತ್ತರ ಕೊಡುವವನಿಗೆ ಸಿಗುವುದು ಅರೆಕ್ಷಣ. ಶಟಲ್ ಹೊರಟ ಮೇಲೆ ಯೋಚಿಸಿದರೆ ಕೆಲಸ ಕೆಟ್ಟಿತು. ಹೊಡೆಯುವವನ ಭುಜ ಎಷ್ಟು ತಿರುಗಿದೆ, ಮೊಣಕೈ ಎಲ್ಲಿದೆ, ಮಣಿಕಟ್ಟು ಕೊನೆಯ ಗಳಿಗೆಯಲ್ಲಿ ಬಿಗಿಯಾಯಿತೋ ಸಡಿಲವಾಯಿತೋ, ಇವನ್ನು ನೋಡಿಯೇ ದೇಹ ಹೊರಟಿರಬೇಕು. ಸ್ಮ್ಯಾಷ್ ಬರುತ್ತದೆಂದು ಹಿಂದೆ ನಿಂತರೆ ಮೇಲಿನ ಆಟಗಾರ ಅದೇ ಕೈಬೀಸಿನಲ್ಲಿ ಡ್ರಾಪ್ ಹಾಕಿ ನೆಟ್ಟಿನ ಬುಡಕ್ಕೆ ಶಟಲ್ ಇಳಿಸುತ್ತಾನೆ.

ಕೈ ಓದುವ ಈ ವಿದ್ಯೆಯನ್ನು ಪುಸ್ತಕದಿಂದಾಗಲಿ ವಿಡಿಯೊದಿಂದಾಗಲಿ ಕಲಿಯಲಾಗದು. ತನಗಿಂತ ಮೇಲಿನವನ ಎದುರು ದಿನವೂ ನಿಂತೇ ಅದು ಮೈಗೆ ಹತ್ತಬೇಕು. ಕೋಚ್ ಬುಟ್ಟಿಯಿಂದ ಒಂದರ ಹಿಂದೊಂದು ಶಟಲ್ ಎಸೆಯುವ ಮಲ್ಟಿ ಶಟಲ್ ಅಭ್ಯಾಸ ಕಾಲಿಗೆ ಚುರುಕು ಕೊಡುತ್ತದೆ. ಇಬ್ಬರ ವಿರುದ್ಧ ಒಬ್ಬನನ್ನು ನಿಲ್ಲಿಸಿ ಆಡಿಸಿದರೆ ಉಸಿರು ಗಟ್ಟಿಯಾಗುತ್ತದೆ. ಎರಡರಲ್ಲೂ ಮೋಸ ಮಾಡುವ ಮಣಿಕಟ್ಟು ಸಿಗುವುದಿಲ್ಲ. ಅದಕ್ಕೆ ಸ್ಪಾರಿಂಗ್ ಜತೆಗಾರ ಬೇಕು, ಒಬ್ಬರಲ್ಲ, ಬಗೆಬಗೆಯವರು. ಎತ್ತರದವನು, ಎಡಗೈಯವನು, ನೆಟ್ಟಿನಲ್ಲಿ ಕಾಡುವವನು, ರ್‍ಯಾಲಿಯನ್ನು ನಲವತ್ತು ಹೊಡೆತಕ್ಕೆ ಎಳೆಯುವವನು.

ಜಕಾರ್ತಾದ ಸಿಪಾಯುಂಗ್ ರಾಷ್ಟ್ರೀಯ ಕೇಂದ್ರದಲ್ಲಿ ಬೆಳಿಗ್ಗೆ ಅಭ್ಯಾಸಕ್ಕೆ ಬರುವ ಇಂಡೊನೇಷ್ಯಾದ ಹುಡುಗನಿಗೆ ಇಂಥವರು ಪಕ್ಕದ ಅಂಕಣದಲ್ಲೇ ಸಿಗುತ್ತಾರೆ. ಚೀನಾದಲ್ಲಂತೂ ಕೇಳುವುದೇ ಬೇಡ. ಈಗ ಭಾರತದಲ್ಲೂ ಹಾಗೆಯೇ. ಹುಯೆಲ್ವಾದಲ್ಲಿ ಶ್ರೀಕಾಂತ್, ಲಕ್ಷ್ಯ ಸೇನ್, ಎಚ್.ಎಸ್. ಪ್ರಣಯ್ ಮೂವರೂ ಕ್ವಾರ್ಟರ್ ಫೈನಲ್ ತಲುಪಿದ್ದರು. ಸಿಂಗಪುರದಲ್ಲಿ ಕೀನ್ ಯೂ ಒಬ್ಬರೇ. ತಮ್ಮ ದೇಶದಲ್ಲಿ ತಮ್ಮನ್ನು ಸೋಲಿಸುವವರು ಯಾರೂ ಇಲ್ಲದ ಸ್ಥಿತಿ ಆಟಗಾರನಿಗೆ ಹೆಮ್ಮೆಯ ವಿಷಯದಂತೆ ಕಾಣಬಹುದು. ವಾಸ್ತವದಲ್ಲಿ ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಅದನ್ನು ಎತ್ತಿ ತೋರಿಸಿತು. ಉದ್ಘಾಟನೆಯಲ್ಲಿ ಟೇಬಲ್ ಟೆನಿಸ್‌ನ ಯು ಮೆಂಗ್ಯು ಜತೆ ಸಿಂಗಪುರದ ಬಾವುಟ ಹಿಡಿದು ನಡೆದವರು ಕೀನ್ ಯೂ. ಗುಂಪಿನ ಮೊದಲ ಪಂದ್ಯದಲ್ಲಿ ನಿರಾಶ್ರಿತರ ತಂಡದ, ಸಿರಿಯಾ ಮೂಲದ ಅರಾಮ್ ಮಹಮೂದ್ ಅವರನ್ನು ಸುಲಭವಾಗಿ ಸೋಲಿಸಿದರು. ಮುಂದಿನ ಪಂದ್ಯ ಇಂಡೊನೇಷ್ಯಾದ ಜೊನಾಥನ್ ಕ್ರಿಸ್ಟಿ ವಿರುದ್ಧ. ಮೊದಲ ಗೇಮ್ ಗೆದ್ದೂ ಉಳಿದೆರಡನ್ನು ಕಳೆದುಕೊಂಡರು. ಗುಂಪಿನಿಂದ ಒಬ್ಬರಿಗಷ್ಟೇ ಮುಂದಿನ ಸುತ್ತು. ಬಾವುಟ ಹಿಡಿದವರು ಬೇಗನೆ ಊರಿಗೆ ಮರಳಬೇಕಾಯಿತು.

ಆ ಒಲಿಂಪಿಕ್ಸ್‌ನ ಚಿನ್ನ ಡೆನ್ಮಾರ್ಕ್‌ನ ವಿಕ್ಟರ್ ಆಕ್ಸೆಲ್ಸನ್ ಅವರದಾಯಿತು. ಅದಾದ ಕೂಡಲೇ ಆಕ್ಸೆಲ್ಸನ್ ತಮ್ಮ ದೇಶದ ತರಬೇತಿ ಕೇಂದ್ರ ಬಿಟ್ಟು ಕುಟುಂಬದ ಜತೆ ದುಬೈಗೆ ಹೋಗಿ ನೆಲೆಸಿದರು. ಅಲ್ಲಿ ಅವರಿಗೂ ಜತೆಗಾರರು ಬೇಕಿದ್ದರು. ಬೇರೆ ಬೇರೆ ದೇಶದ ಕೆಲವರಿಗೆ ಸ್ವತಃ ಆಹ್ವಾನ ಕಳಿಸಿದರು. ಹಾಗೆ ಹೋದವರಲ್ಲಿ ಕೀನ್ ಯೂ ಒಬ್ಬರು. ಇನ್ನೊಬ್ಬರು ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯ ಲಕ್ಷ್ಯ ಸೇನ್. ಅಲ್ಮೋಡದಿಂದ ಬಾಲ್ಯದಲ್ಲೇ ಮನೆ ಬಿಟ್ಟು ಬೆಂಗಳೂರಿಗೆ ಬಂದವರು ಲಕ್ಷ್ಯ, ಪೆನಾಂಗ್ ಬಿಟ್ಟು ಸಿಂಗಪುರಕ್ಕೆ ಬಂದವರು ಕೀನ್ ಯೂ. ಇಬ್ಬರೂ ಒಲಿಂಪಿಕ್ ಚಾಂಪಿಯನ್ನನ ಎದುರು ಬೆವರು ಸುರಿಸಿದರು.

ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯಲ್ಲ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ, ಮದುವೆ ಇಲ್ಲದ ದಿನ ನೋಡಿಕೊಂಡು ಶಟಲ್ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಡೆನ್ಮಾರ್ಕ್‌ಗೆ ಹೋಗಿ ನೆಲೆಸಿದ್ದು ಇದೇ ಕಾರಣಕ್ಕೆ. ಕೋಪನ್‌ಹೇಗನ್‌ನಲ್ಲಿ ಮಾರ್ಟೆನ್ ಫ್ರಾಸ್ಟ್ ಅವರಂಥವರು ದಿನನಿತ್ಯದ ಅಭ್ಯಾಸಕ್ಕೆ ಸಿಗುತ್ತಿದ್ದರು. ಅಷ್ಟು ದೊಡ್ಡ ಭಾರತದಲ್ಲಿ ಅಂದು ಅವರಿಗೆ ಸಾಟಿಯಾದ ಎದುರಾಳಿ ಇರಲಿಲ್ಲ. ಬ್ಯಾಡ್ಮಿಂಟನ್ ಲೆಕ್ಕದಲ್ಲಿ ಅಂದಿನ ಭಾರತವೂ ಒಂದು ದ್ವೀಪವೇ. 1994ರಲ್ಲಿ ಅಕಾಡೆಮಿ ಕಟ್ಟಿ ಅವರು ಮಾಡಿದ ದೊಡ್ಡ ಕೆಲಸವೆಂದರೆ ನಮ್ಮ ಮಕ್ಕಳಿಗೆ ಊರಲ್ಲೇ ಎದುರಾಳಿಗಳನ್ನು ಒದಗಿಸಿಕೊಟ್ಟದ್ದು.

ದುಬೈನಲ್ಲಿ ಕೆಲವು ವಾರ ಕಳೆದ ಮೇಲಿನ ಕೀನ್ ಯೂ ಬೇರೆಯೇ ಆಟಗಾರ. ಅಕ್ಟೋಬರ್‌ನಲ್ಲಿ ಡಚ್ ಓಪನ್ ಫೈನಲ್‌ನಲ್ಲಿ ಲಕ್ಷ್ಯ ಅವರನ್ನು 21–12, 21–16ರಿಂದ ಸೋಲಿಸಿದರು. ನವೆಂಬರ್‌ನಲ್ಲಿ ಜರ್ಮನಿಯ ಹೈಲೊ ಓಪನ್ ಗೆದ್ದರು. ಅಲ್ಲಿ ಫೈನಲ್‌ನ ಎದುರಾಳಿ ಮಲೇಷ್ಯಾದ ಲೀ ಝೀ ಜಿಯಾ ಮೂರನೆಯ ಗೇಮಿನಲ್ಲಿ ಹಿನ್ನಡೆಯಲ್ಲಿದ್ದಾಗ ಗಾಯದಿಂದ ಹಿಂದೆ ಸರಿದರು. ಅದೇ ತಿಂಗಳ ಕೊನೆಗೆ ಬಾಲಿಯಲ್ಲಿ ಇಂಡೊನೇಷ್ಯಾ ಓಪನ್ ಫೈನಲ್. ಎದುರಿಗೆ ಆಕ್ಸೆಲ್ಸನ್. ಮೂರು ಗೇಮುಗಳ ಹೋರಾಟದಲ್ಲಿ ಕೀನ್ ಯೂ ಸೋತರು.

ಎರಡು ವಾರದಲ್ಲಿ ಹುಯೆಲ್ವಾ. ಶ್ರೇಯಾಂಕ ಇಲ್ಲದವರಿಗೆ ಮೊದಲ ಸುತ್ತಿನಲ್ಲೇ ಯಾರು ಬೇಕಾದರೂ ಎದುರಾಗಬಹುದು. ಅವರಿಗೆ ಬಂದವರು ಆಕ್ಸೆಲ್ಸನ್. ಮೊದಲ ಗೇಮ್ 14–21ರಿಂದ ಹೋಯಿತು. ಮುಂದಿನ ಎರಡು 21–9, 21–6. ಒಲಿಂಪಿಕ್ ಚಾಂಪಿಯನ್‌ಗೆ ಕೊನೆಯ ಗೇಮಿನಲ್ಲಿ ಆರೇ ಪಾಯಿಂಟ್! ವಾರಗಟ್ಟಲೆ ಆ ಉದ್ದನೆಯ ತೋಳನ್ನು ಎದುರು ನಿಂತು ನೋಡಿದವರಿಗೆ ಮಾತ್ರ ಇಂಥ ಆಟ ಸಾಧ್ಯ. ಕ್ವಾರ್ಟರ್ ಫೈನಲ್‌ನಲ್ಲಿ ಪ್ರಣಯ್ ಅವರನ್ನು ಸೋಲಿಸುವಾಗ ಪಾದದ ಕೀಲು ಉಳುಕಿತು. ಮರುದಿನ ಅದೇ ಕಾಲಿನಲ್ಲಿ ಡೆನ್ಮಾರ್ಕ್‌ನ ಆಂಡರ್ಸ್ ಆಂಟೊನ್ಸನ್ ವಿರುದ್ಧ 23–21, 21–14. ಅದರ ಮರುದಿನ ಶ್ರೀಕಾಂತ್.

ಆ ಟೂರ್ನಿಗೆ ಇಂಡೊನೇಷ್ಯಾ ತಂಡ ಬಂದಿರಲಿಲ್ಲ, ಜಪಾನಿನ ಕೆಂಟೊ ಮೊಮೊಟಾ ಕೂಡ ಆಡಲಿಲ್ಲ. ಅದನ್ನು ಮುಂದೆ ಮಾಡಿ ಕೀನ್ ಯೂ ಗೆಲುವಿನ ತೂಕ ಇಳಿಸುವವರಿದ್ದಾರೆ. ಅವರ ವಾದ ನನಗೆ ಒಪ್ಪಿಗೆಯಿಲ್ಲ. ಆ ವರ್ಷ ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವರನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿ ಗೆದ್ದ ಕಿರೀಟ ಅದು.

ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಹುಮಾನದ ಹಣ ಇರುವುದಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಪದಕ, ರ್‍ಯಾಂಕಿಂಗ್ ಪಾಯಿಂಟ್, ಅಷ್ಟೇ. ಸಿಂಗಪುರದಲ್ಲಿ ಒಲಿಂಪಿಕ್ ಚಿನ್ನಕ್ಕೆ ಹತ್ತು ಲಕ್ಷ ಸಿಂಗಪುರ ಡಾಲರ್ ಬಹುಮಾನವಿದೆ. ಆ ಯೋಜನೆಯ ಪಟ್ಟಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ಸೇರಿರಲಿಲ್ಲ. ಕೊನೆಗೆ ಖಾಸಗಿಯವರು ದೇಣಿಗೆ ಕೂಡಿಸಿ ಅವರನ್ನು ಗೌರವಿಸಿದರು.

ಗೆದ್ದ ಮೇಲಿನ ದಾರಿ ಏರಿಳಿತದ್ದು. ಹುಯೆಲ್ವಾ ನಂತರ ತಿಂಗಳು ಕಳೆಯುವುದರೊಳಗೆ ದೆಹಲಿಯಲ್ಲಿ ಇಂಡಿಯಾ ಓಪನ್ ಫೈನಲ್ ನಡೆಯಿತು. ಅಲ್ಲಿ ಲಕ್ಷ್ಯ 24–22, 21–17ರಿಂದ ಗೆದ್ದು ಹಳೆಯ ಲೆಕ್ಕ ಚುಕ್ತಾ ಮಾಡಿದರು. ಕೀನ್ ಯೂ ಆಟವನ್ನು ಈಗ ಎಲ್ಲರೂ ಕೂತು ಅಭ್ಯಾಸ ಮಾಡತೊಡಗಿದ್ದರು. ಮಿಂಚಿನಂತೆ ಮುನ್ನುಗ್ಗುವವರನ್ನು ಉದ್ದನೆಯ ರ್‍ಯಾಲಿಗಳಲ್ಲಿ ಕಟ್ಟಿಹಾಕುವ ಉಪಾಯ ಹುಡುಕಿದರು. 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ವಾರ್ಟರ್ ಫೈನಲ್‌ನಲ್ಲೇ ಥಾಯ್ಲೆಂಡ್‌ನ ಕುನ್ಲವುತ್ ವಿಟಿಡ್ಸರ್ನ್ ಎದುರು ಓಟ ನಿಂತಿತು. 2023ರ ಏಷ್ಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಇಂಡೊನೇಷ್ಯಾದ ಆಂಥನಿ ಗಿಂಟಿಂಗ್‌ಗೆ ಸೋತು ಬೆಳ್ಳಿ ಪಡೆದರು. ಹುಯೆಲ್ವಾ ಬಳಿಕದ ಮುಂದಿನ ಪ್ರಶಸ್ತಿಗೆ ಎರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಅದೂ ಸ್ಪೇನ್‌ನಲ್ಲೇ ಸಿಕ್ಕಿತು, 2024ರ ಸ್ಪೇನ್ ಮಾಸ್ಟರ್ಸ್‌ನಲ್ಲಿ.

ಈ ಬರಗಾಲವನ್ನು ಸಿಂಗಪುರದ ಕೆಲವರು ಸೋಲೆಂದು ಕರೆದರು. ಅದು ಅನ್ಯಾಯದ ಮಾತು. ವಿಶ್ವ ರ್‍ಯಾಂಕಿಂಗ್‌ಗೆ ಕಳೆದ 52 ವಾರಗಳ ಹತ್ತು ಉತ್ತಮ ಫಲಿತಾಂಶ ಲೆಕ್ಕಕ್ಕೆ ಬರುತ್ತವೆ. ಎಂದರೆ ವರ್ಷವಿಡೀ ಊರೂರು ಸುತ್ತುತ್ತ, ವಾರವಾರವೂ ಗೆಲ್ಲುತ್ತಲೇ ಇರಬೇಕು. ದೊಡ್ಡ ದೇಶದ ನಾಲ್ವರು ಆಟಗಾರರಲ್ಲಿ ಒಬ್ಬ ಎಡವಿದರೆ ಇನ್ನೊಬ್ಬ ಆ ವಾರದ ಸುದ್ದಿಯಾಗುತ್ತಾನೆ, ಎಡವಿದವನಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಒಬ್ಬನೇ ಇರುವ ಕಡೆ ಅವನ ಪ್ರತಿ ಸೋಲೂ ದೇಶದ ಸೋಲು. ಆ ಹೊರೆ ಹೊತ್ತೇ ಅವರು ಮೊದಲ ಹತ್ತು, ಹದಿನೈದರ ಸುತ್ತಮುತ್ತ ವರ್ಷಗಟ್ಟಲೆ ಉಳಿದರು.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಕ್ವಾರ್ಟರ್ ಫೈನಲ್ ತಲುಪಿದರು. ಮತ್ತೆ ಆಕ್ಸೆಲ್ಸನ್. 21–9, 21–17ರಿಂದ ಸೋಲು. ಸೆಮಿಫೈನಲ್‌ನಲ್ಲಿ ಆಕ್ಸೆಲ್ಸನ್‌ಗೆ ಸಿಕ್ಕವರು ಲಕ್ಷ್ಯ ಸೇನ್. ಅವರೂ ಸೋತರು. ದುಬೈಗೆ ಕರೆಸಿಕೊಂಡ ಇಬ್ಬರು ಅತಿಥಿಗಳನ್ನೂ ಒಬ್ಬರಾದ ಮೇಲೆ ಒಬ್ಬರಂತೆ ದಾಟಿ ಆಕ್ಸೆಲ್ಸನ್ ಎರಡನೆಯ ಒಲಿಂಪಿಕ್ ಚಿನ್ನ ಗೆದ್ದರು. ಎದುರಾಳಿಗಳನ್ನು ಅಭ್ಯಾಸಕ್ಕೆ ಕರೆದು ತನ್ನ ವಿದ್ಯೆ ಬಿಟ್ಟುಕೊಡುತ್ತಿದ್ದಾನೆ ಎಂದು ಅವರ ಬಗ್ಗೆ ಆಡಿಕೊಂಡವರಿಗೆ ಇದೇ ಉತ್ತರ. ಒಟ್ಟಿಗೆ ಆಡಿದ ಎಲ್ಲರೂ ಬೆಳೆದರು.

ಸಿಂಗಪುರ ಈಗ ಮಾಡಬೇಕಾದ ಕೆಲಸವೂ ಅದೇ. ಇನ್ನೊಬ್ಬ ಚಾಂಪಿಯನ್‌ಗಾಗಿ ಹಂಬಲಿಸುವುದಕ್ಕಿಂತ ಇರುವ ಚಾಂಪಿಯನ್ ಜತೆ ದಿನವೂ ಆಡಬಲ್ಲ ನಾಲ್ವರು ಹುಡುಗರನ್ನು ಬೆಳೆಸಬೇಕು. ಅದು ಶುರುವಾದಂತೆ ಕಾಣುತ್ತದೆ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಟೆರಿ ಹೀ ಮತ್ತು ಅವರ ಪತ್ನಿ ಜೆಸಿಕಾ ಟಾನ್ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ಮಹಿಳೆಯರ ಸಿಂಗಲ್ಸ್‌ನಲ್ಲಿ ಯೋ ಜಿಯಾ ಮಿನ್ ದೊಡ್ಡ ಟೂರ್ನಿಗಳಲ್ಲಿ ಹೆಸರು ಮಾಡಿದರು. ಪುರುಷರ ಸಿಂಗಲ್ಸ್‌ನಲ್ಲಿ ಜೇಸನ್ ತೆಹ್ ಎಂಬ ಯುವಕ ಕೀನ್ ಯೂ ಪಕ್ಕದ ಅಂಕಣದಲ್ಲೇ ಅಭ್ಯಾಸ ಮಾಡುತ್ತ ಮೇಲೆ ಬಂದಿದ್ದಾರೆ. 2025ರ ಥಾಯ್ಲೆಂಡ್ ಮಾಸ್ಟರ್ಸ್ ಪ್ರಶಸ್ತಿ ಗೆದ್ದವರು ಅವರೇ.